ಚೇರ್ಮನ್ ಗಿಡ್ಡಪ್ಪನ ಮನೆ

ಅಕ್ಟೋಬರ್ 21, ಮಂಗಳವಾರ

ಇಡ್ಲಿ ಹಿಟ್ಟು ಇವತ್ತೂ ಉಬ್ಬಲಿಲ್ಲ. ಚಳಿ ಶುರು. ಬೆಳಗಿನಿಂದ ಫೋನೋ ಫೋನು. ಎತ್ತಿದರೆ "ಚೇರ್ಮನ್ರಿಗೆ ಕೊಡಮ್ಮ". "ನಾನೇ" ಅಂದರೆ, "ಅಯ್ಯೋ, ಮಧುಕುಮಾರ್‌ಗೆ ಕೊಡಿ!" ನಾನು ಗ್ರಾಮ ಪಂಚಾಯ್ತಿ ಅಧ್ಯಕ್ಷೆಯಾಗಿ ಒಂದು ವಾರ. ಓಟು ಬಿದ್ದದ್ದು ನನಗೆ, ಪದವಿ ಬಂದದ್ದು ಗಂಡನಿಗೆ. ನಗುವೂ ಬಂತು, ಸಿಟ್ಟೂ ಬಂತು.

ಸಂಜೆ ಟಿವಿಯಲ್ಲಿ — ಜಪಾನಿಗೆ ಮೊದಲ ಸಲ ಹೆಣ್ಣು ಪ್ರಧಾನಿ. ಅತ್ತೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನೋಡಿದರು.

"ಅವಳ ಬದ್ಲು ಮೀಟಿಂಗಿಗೆ ಯಾರು ಹೋಗ್ತಾರೆ?"

"ಅವಳೇ ಹೋಗ್ತಾಳೆ ಅತ್ತೆ."

"ಗಂಡ ಸುಮ್ನಿರ್ತಾನಾ?"

ಟಿವಿಯವರು ಅದನ್ನು ಹೇಳಲಿಲ್ಲ. ನನಗೂ ಈಗ ಅದೇ ಕುತೂಹಲ. ನಮ್ಮ ದೇಶ ಹೆಣ್ಣು ಪ್ರಧಾನಿಯನ್ನು ಕಂಡು ಅರವತ್ತು ವರ್ಷ ಆಗುತ್ತಾ ಬಂತು. ಸುದ್ದಿ ನಮ್ಮ ಪಂಚಾಯ್ತಿ ಆಫೀಸನ್ನು ಇನ್ನೂ ಮುಟ್ಟಿಲ್ಲವೇನೋ...

ಅಕ್ಟೋಬರ್ 23

ಬಸ್ ಸ್ಟಾಪಿನಲ್ಲಿ ಬ್ಯಾನರ್. ಮಧು ಅರಸೀಕೆರೆಯಲ್ಲಿ ಪ್ರಿಂಟ್ ಹಾಕಿಸಿ ತಂದದ್ದು. "ನಮ್ಮ ಪಂಚಾಯ್ತಿಯ ಮೊಟ್ಟಮೊದಲ ಮಹಿಳಾ ಅಧ್ಯಕ್ಷೆ ಶ್ರೀಮತಿ ಲತಾಮಣಿ." ನನ್ನ ಫೋಟೋ ಚಿಕ್ಕದು, ಕೈ ಮುಗಿದು ನಿಂತ ಅವರದು ದೊಡ್ಡದು. ಕೇಳಿದೆ. "ಜಾಗ ಸಾಲ್ಲಿಲ್ಲ ಕಣೇ" ಅಂದರು. ಯಾರಿಗೆ ಸಾಲಲಿಲ್ಲ?

ಬರುವ ಬುಧವಾರ ಮೊದಲ ಮೀಟಿಂಗ್. ಹೊಸ ನೀರಿನ ಪೈಪು ಮೊದಲು ಮೇಲಿನ ಬೀದಿಗೆ ಎಂದು ಮೆಂಬರ್ ಕರಿಬಸವಯ್ಯನವರಿಗೆ ಮಧು ಆಗಲೇ ಮಾತು ಕೊಟ್ಟು ಬಂದಿದ್ದಾರೆ. ನನ್ನ ಪರವಾಗಿ! ನಮ್ಮ ಕಾಲೋನಿ ಹೆಂಗಸರು ಇನ್ನೂ ಬಿಂದಿಗೆ ಹೊರುತ್ತಿದ್ದಾರೆ.

"ನೀನು ಸೈನ್ ಹಾಕು ಸಾಕು. ಮಾತು ನಾನಾಡ್ತೀನಿ. ಆವಯ್ಯ ಬಾಯಿ ಮಾಡಿದ್ರೆ ನಿನ್ ಕೈಲಾಗಲ್ಲ."

ಆಗುತ್ತೋ ಇಲ್ಲವೋ, ನನಗೂ ಗೊತ್ತಿಲ್ಲ. ನೋಡಬೇಕಲ್ಲ.

ಅಕ್ಟೋಬರ್ 25, ಮಧ್ಯಾಹ್ನ

ಊಟ ಆಮೇಲೆ. ಬರೆದುಬಿಡುತ್ತೇನೆ.

ಸೊಸೆಯಾಗಿ ಬಂದಾಗಿನಿಂದ ನಮ್ಮ ವಿಳಾಸ "ಚೇರ್ಮನ್ ಗಿಡ್ಡಪ್ಪನ ಮನೆ". ಜಾವಗಲ್‌ನಲ್ಲಿ ಆಟೋದವರಿಗೆ ಅಷ್ಟು ಹೇಳಿದರೆ ಸಾಕು. ಮಾವ ತೀರಿಕೊಂಡ ಮೇಲೂ ಹಾಗೆಯೇ. ಇವತ್ತು ರಾಗಿ ಕೇರುತ್ತಿದ್ದ ಅತ್ತೆಯನ್ನು ಕೇಳಿದೆ, "ಮಾವ ಚೇರ್ಮನ್ ಆಗಿದ್ದಾಗ ಮೀಟಿಂಗ್ ಹೆಂಗೆ ನಡೆಸ್ತಿದ್ರು?"

"ಅವ್ರೆಲ್ಲಿ ಆಗಿದ್ರು? ಆಗಿದ್ದೋಳು ನಾನು."

ಮೊರ ನಿಲ್ಲಿಸಲೂ ಇಲ್ಲ.

"ಹೆಂಗಸ್ರಿಗೆ ಮೀಸಲು ಬಂತಲ್ಲ, ನನ್ನ ನಿಲ್ಸುದ್ರು. ಮೀಟಿಂಗ್ ಪುಸ್ತಕ ಮನೆಗೇ ಬತ್ತಿತ್ತು. ಸೈನ್ ಹಾಕ್ತಿದ್ದೆ."

"ಆಫೀಸಿಗೆ ಹೋಗಲೇ ಇಲ್ವಾ?"

"ಒಂದ್ಸಲ ಹೋಗಿದ್ದೆ. ನಿಮ್ಮಾವ ಬುತ್ತಿ ಮರೆತು ಹೋಗಿದ್ರು. ಸೆಕ್ರೆಟ್ರಿ ಬಾಗ್ಲಲ್ಲೇ ತಡೆದ. 'ಅಲ್ಲೇ ನಿಂತ್ಕಳಮ್ಮ, ಚೇರ್ಮನ್ರು ಮೀಟಿಂಗ್ನಲ್ಲವ್ರೆ' ಅಂದ."

ಮಾವನ ಮೇಲೆ ಉರಿದುಬಿದ್ದೆ. ಅತ್ತೆ ನನಗೇ ಗದರಿದರು. "ಅವ್ರ್ನ ಬಯ್ಬೇಡ. ನಮ್ಮೋರ್ನ ಜಗಲಿ ಹತ್ತುಸ್ದೆ ಇದ್ದ ಜನ ಅವ್ರಿಗೆ ಕುರ್ಚಿ ಕೊಟ್ಟು ಚೇರ್ಮನ್ರೇ ಅಂದ್ರು. ಅವ್ರಿಗೆ ಅದು ಬೇಕಿತ್ತು ಕಣವ್ವ."

ರಾಗಿಯಲ್ಲಿದ್ದ ಒಂದು ಕಲ್ಲು ಆರಿಸಿ ಎಸೆದರು. ಆಮೇಲೆ — "ನಂಗೂ ಬೇಕಿತ್ತು."

ಆಮೇಲೆ, ಪಾಪ, "ಆ ಕುರ್ಚಿ ಹೆಂಗೈತೆ? ಮೆತ್ತಗೈತಾ?"

ಅಧ್ಯಕ್ಷೆಯಾದ ದಿನ ಹಾರ ಹಾಕಿಸಿಕೊಂಡು ಎದ್ದುಬಂದವಳು ನಾನು. ಕೂತ ನೆನಪೇ ಇಲ್ಲ.

ಮೊಟ್ಟಮೊದಲ ಅಧ್ಯಕ್ಷೆ ದಿನಾ ನನಗೆ ಮುದ್ದೆ ಬಡಿಸುತ್ತಿದ್ದಾರೆ. ನಡುವೆ ಇನ್ನೂ ಎಷ್ಟು ಹೆಂಗಸರು ಆಗಿದ್ದರೋ, ಯಾರ ಗಂಡಂದಿರ ಹೆಸರಲ್ಲಿ ಮುಳುಗಿಹೋದರೋ.

ಅಕ್ಟೋಬರ್ 27

ಅತ್ತೆ ಅಧ್ಯಕ್ಷೆಯಾಗಿದ್ದದ್ದು ಮಧುಗೆ ಗೊತ್ತಿತ್ತಂತೆ. "ಅದೇನ್ ದೊಡ್ಡ ವಿಷ್ಯ?" ಅಂದರು. ಆದರೆ ಸಂಜೆ ಅವರೇ ಹೋಗಿ ಬ್ಯಾನರ್ ಬಿಚ್ಚಿಕೊಂಡು ಬಂದರು.

ಅಕ್ಟೋಬರ್ 29, ಬುಧವಾರ, ಸಂಜೆ

ಬೆಳಗ್ಗೆ ಹೊರಡುವಾಗ ಅತ್ತೆ ಪೆಟ್ಟಿಗೆಯ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. "ನಾನೂ ಬತ್ತೀನಿ."

ಮೂವರೂ ಹೋದೆವು. ಪಿಡಿಓ ಇಂದುಧರ ಬಾಗಿಲಿಗೇ ಬಂದು, ಮಧು ಕಡೆ ನೋಡಿ, "ಬನ್ನಿ ಚೇರ್ಮನ್ರೇ, ಎಲ್ಲಾ ಕಾಯ್ತಿದಾರೆ" ಅಂದರು. ಮಧು ಚಪ್ಪಲಿ ಬಿಟ್ಟರು.

"ಬಂದೆ ಕಣಪ್ಪ" — ಅತ್ತೆ.

ಅಂದವರೇ ಒಳಗೆ ನಡೆದರು. ಯಾರೂ ತಡೆಯಲಿಲ್ಲ. ತಡೆಯುವುದು ಹೇಗೆ ಎಂದೇ ಯಾರಿಗೂ ಹೊಳೆಯಲಿಲ್ಲ. ಕುರ್ಚಿಯನ್ನು ಅಂಗೈಯಲ್ಲಿ ಒತ್ತಿ ನೋಡಿದರು. "ಗಟ್ಟಿ ಐತೆ. ಬಾ, ಕೂತ್ಕಾ" ಅಂತ ನನ್ನನ್ನು ಕರೆದರು. ಮತ್ತೆ ಬಾಗಿಲ ಕಡೆ ತಿರುಗಿ, "ಮಧು, ಅಲ್ಲೇ ನಿಂತ್ಕಳಪ್ಪ. ಚೇರ್ಮನ್ರು ಮೀಟಿಂಗ್ನಲ್ಲವ್ರೆ."

ಕೂತೆ. ಕರಿಬಸವಯ್ಯ ಮೇಜು ಗುದ್ದಿದರು. ನನ್ನ ಧ್ವನಿ ನಡುಗಿತು. ನಡುಗುತ್ತಲೇ ಹೇಳಿದೆ, ಪೈಪು ಮೊದಲು ಕಾಲೋನಿಗೆ. ಪುಸ್ತಕದಲ್ಲಿ ಬರೆಸಿಯೇ ಎದ್ದೆ.

ದಾರಿಯಲ್ಲಿ ಮಧು ಒಂದೇ ಮಾತು ಕೇಳಿದರು: "ಆ ಕುರ್ಚಿ ಬೇಕಿತ್ತು ಅಂತ ಅಮ್ಮ ಯಾವತ್ತೂ ಹೇಳ್ಲೇ ಇಲ್ವಲ್ಲ?" ನಾವೂ ಯಾವತ್ತೂ ಕೇಳಿರಲಿಲ್ಲ ಅಂದೆ.

ಈಗ ಗೇಟಿನ ಹತ್ತಿರ ಯಾರೋ. "ಚೇರ್ಮನ್ರು ಅವ್ರಾ?" ಮಧು ಏಳಹೋಗಿ ಮತ್ತೆ ಕೂತರು. ಅಡುಗೆಮನೆಯಿಂದ ಅತ್ತೆ ಕೂಗುತ್ತಿದ್ದಾರೆ —

"ಇಬ್ರು ಅವ್ರೆ. ಯಾರು ಬೇಕಿತ್ತು?"

ಹೋಗಿ ನೋಡುತ್ತೇನೆ.