ಒಳಗಿನಿಂದ ಸವೆದ ಹಲ್ಲು

ಮಹಾಲ್, ನಾಗಪುರ

ಅತ್ತೆಯವರಿಗೆ ಗ್ರೀಷ್ಮಾಳ ನಮಸ್ಕಾರಗಳು.

ನನಗೆ ವಾಂತಿಯಾಗುತ್ತಿದೆ ಎಂದು ನಿಮ್ಮ ಮಗ ಹೇಳಿದ್ದಕ್ಕೆ ನೀವು ಫೋನಿನಲ್ಲಿ, "ಸಿಹಿ ಸುದ್ದಿ ಏನವಾ?" ಎಂದು ನಕ್ಕಿರಿ. ನಾನು ಫೋನನ್ನು ನಿಮ್ಮ ಮಗನಿಗೆ ಕೊಟ್ಟುಬಿಟ್ಟೆ. ನಾಚಿಕೊಂಡೆನೆಂದು ತಿಳಿದಿರಿ. ಅದು ನಾಚಿಕೆಯೇ, ಆದರೆ ಬೇರೆಯದು. ನಾನು ಬಸುರಿಯಲ್ಲ ಅತ್ತೆ.

ತಣ್ಣೀರು ತಾಗಿದರೂ ಹಲ್ಲು ಜುಮ್ಮೆನ್ನುತ್ತಿದ್ದುದರಿಂದ ಸೀತಾಬರ್ಡಿಯ ದಂತವೈದ್ಯೆಯ ಬಳಿ ಹೋಗಿದ್ದೆ. ಕಿತ್ತಳೆ ಹೆಚ್ಚು ತಿನ್ನುತ್ತೇನೆ ಎಂದು ಸುಳ್ಳು ಹೇಳಿದೆ. ಅವರು ಕನ್ನಡಿಯಲ್ಲಿ ಮೇಲಿನ ಹಲ್ಲುಗಳ ಹಿಂಬದಿ ತೋರಿಸಿದರು.

"ಬೇಟಾ, ಸಂತ್ರಾ ತಿಂದರೆ ಒಳಬದಿಯಷ್ಟೇ ಹೀಗೆ ಸವೆಯೋದಿಲ್ಲ. ಇದು ವಾಂತಿಯ ಆಮ್ಲ. ನೀನೇ ಮಾಡಿಕೊಳ್ತೀಯಾ?"

ಹೌದು ಅತ್ತೆ. ದಪ್ಪಗಾಗುವ ಭಯಕ್ಕೆ ಊಟವಾದ ಮೇಲೆ ಗಂಟಲಿಗೆ ಬೆರಳು ಹಾಕುತ್ತೇನೆ. ದೀಪಾವಳಿಗೆ ನೀವು ಬಡಿಸಿದ ಹೋಳಿಗೆಯನ್ನೂ ಹೊರಗೆ ಹಾಕಿದೆ.

ಸವೆದ ಪದರ ಮತ್ತೆ ಬೆಳೆಯುವುದಿಲ್ಲವಂತೆ. ಉಳಿದದ್ದನ್ನು ಫ್ಲೋರೈಡ್ ಪೇಸ್ಟಿನಿಂದ ಗಟ್ಟಿ ಮಾಡಬಹುದಂತೆ. ವಾಂತಿಯಾದ ತಕ್ಷಣ ನಾನು ವಾಸನೆಗೆ ಹೆದರಿ ಹಲ್ಲುಜ್ಜುತ್ತಿದ್ದೆ; ಅದರಿಂದ ಇನ್ನಷ್ಟು ಸವೆಯಿತಂತೆ. ಬರೀ ನೀರಿನಿಂದ ಬಾಯಿ ಮುಕ್ಕಳಿಸಬೇಕಂತೆ. ಮನೋವೈದ್ಯರನ್ನೂ ನೋಡಲು ಹೇಳಿದ್ದಾರೆ. ನಿನ್ನೆ ನಿಮ್ಮ ಮಗನಿಗೆ ಎಲ್ಲವನ್ನೂ ಹೇಳಿದೆ. ಅವರು ಬಯ್ಯಲಿಲ್ಲ. "ಅವ್ವಗ ನೀನ ತಿಳಿಸು," ಎಂದರು.

ಮೊಮ್ಮಗುವಿಗಾಗಿ ಬರುತ್ತೇನೆ ಎಂದಿದ್ದಿರಿ. ನನಗಾಗಿ ಬರುವಿರಾ? ಅಡುಗೆ ನಾನೇ ಮಾಡುತ್ತೇನೆ. ಊಟವಾದ ಮೇಲೆ ಸ್ವಲ್ಪ ಹೊತ್ತು ನನ್ನ ಪಕ್ಕ ಕೂತು ಏನಾದರೂ ಮಾತಾಡುತ್ತಿರಿ. ನಾನು ಎದ್ದು ಹೊರಟರೆ ಕೈ ಹಿಡಿದು ಕೂರಿಸಿ.

ನಿಮ್ಮ ಸೊಸೆ,
ಗ್ರೀಷ್ಮಾ