ಖಾಲಿ ಜಾಗಕ್ಕೆ ಕೈ ಚಾಚಿ

ಮಲ್ಲೇಗ್,
ಸೋಮವಾರ, ೧೧ ನವೆಂಬರ್ ೧೯೬೩

ಪ್ರೀತಿಯ ಅಪ್ಪಾ,

ಶನಿವಾರ ನನ್ನ ಮದುವೆ ಆಗಿಹೋಯಿತು, ಅದಕ್ಕಿಂತ ದೊಡ್ಡ ಸುದ್ದಿ ಅಂದರೆ ಅಮ್ಮ ಕುಣಿದಳು! ನಮ್ಮಮ್ಮನೇ! ನಮ್ಮ ಯೂವನ್ ಸಮುದ್ರದ ಪಾಲಾದ ಮೇಲೆ ಊರಿನ ಕುಣಿತದ ಹಾಲ್‌ನ ಮೆಟ್ಟಿಲನ್ನೇ ಹತ್ತದವಳು!

ಇರು, ಮೊದಲು ನಿನ್ನ ಕೆಮ್ಮು ಹೇಗಿದೆ ಹೇಳು. ಗ್ಲಾಸ್ಗೋದ ಆ ಬಾಡಿಗೆ ಕೋಣೆಯಲ್ಲಿ ಬೆಂಕಿ ಹಾಕಿಕೊಳ್ಳುತ್ತೀಯಾ, ಇಲ್ಲ ಕೋಟು ಹೊದ್ದೇ ಮಲಗುತ್ತೀಯಾ? ನಮ್ಮ ಮನೆಮಾತಿನಲ್ಲೇ ಬರೆಯುತ್ತಿದ್ದೇನೆ, ಶಾಲೆಯಲ್ಲಿ ಬರೀ ಇಂಗ್ಲಿಷ್ ತಿದ್ದಿಸಿದರಲ್ಲ, ತಪ್ಪು ಕಂಡರೆ ನಗಬೇಡ. ನನ್ನ ರೂರಿ ಎಷ್ಟು ಒಳ್ಳೆಯವನು ಗೊತ್ತಾ! ಬಿಳಿ ಕಾಲುಚೀಲದಲ್ಲಿ ಕೊಕ್ಕರೆಯ ಹಾಗೆ ಕಾಣುತ್ತಿದ್ದ, ಆದರೂ ನನಗೆ ಅವನೇ ರಾಜ. ನೀನು ಬರುತ್ತೀಯೇನೋ ಎಂದು ಚರ್ಚಿನ ಬಾಗಿಲಲ್ಲಿ ಕಾದೆ. ಪಾದ್ರಿಗಳು ಕೆಮ್ಮಿದ ಮೇಲೆಯೇ ಒಳಗೆ ಹೋದದ್ದು. ಬೈಯುತ್ತಿಲ್ಲ. ಮಗನನ್ನು ಕರೆದುಕೊಂಡು ಹೋದ ದೋಣಿಯಲ್ಲಿ ಒಬ್ಬನೇ ಮರಳಿದವನಿಗೆ ಈ ಊರಿನ ದಾರಿ ಎಷ್ಟು ಕಷ್ಟ ಎಂದು ನನಗೆ ಗೊತ್ತು.

ಈಗ ಕುಣಿತದ ಕಥೆ ಕೇಳು. ಡೂಗಲ್ ತಾತ ಅಕಾರ್ಡಿಯನ್ ಎತ್ತಿಕೊಂಡ. ಗಂಡಸರದೊಂದು ಸಾಲು, ಎದುರಿಗೆ ಹೆಂಗಸರದೊಂದು ಸಾಲು, ಸಾಲುಗಳ ತಲೆಯಲ್ಲಿ ನಾನೂ ರೂರಿಯೂ ಮೊದಲ ಜೋಡಿ. ಅಷ್ಟರಲ್ಲಿ ಅಮ್ಮ ಎದ್ದು ಬಂದು ಹೆಂಗಸರ ಸಾಲಿನಲ್ಲಿ ನನ್ನ ಪಕ್ಕವೇ ನಿಂತಳು. ಅವಳ ಎದುರಿಗೆ ಯಾರೂ ಇಲ್ಲ. ರೂರಿಯ ಅತ್ತೆಮಗ ನೀಲ್, ಎಡಿನ್‌ಬರೋದವನು, ಮರ್ಯಾದೆಗೆಂದು ಆ ಜಾಗಕ್ಕೆ ಹಾರಿಬಂದ. ಅಮ್ಮ, “ಹಿಂದೆ ಸರಿಯಪ್ಪಾ, ಅಲ್ಲಿ ಆಳಿದ್ದಾನೆ” ಅಂದಳು. ಪಾಪ, ಅವನು ಸುತ್ತಲೂ ನೋಡಿದ. “ಪೇಟೆಯೋರಿಗೆ ನಮ್ಮ ದೆವ್ವ ಎಲ್ಲಿ ಕಾಣಬೇಕು, ಬಾರೋ ಈಚೆ!” ಅಂತ ಡೂಗಲ್ ತಾತ ಕಿಚಾಯಿಸಿದ. ಎಲ್ಲರೂ ನಕ್ಕರು. ನಿನ್ನ ಚಳಿಗಾಲದ ಕುಣಿತದ ತರಗತಿಯಲ್ಲಿ ಒಬ್ಬರು ಕಡಿಮೆ ಬಿದ್ದಾಗ ಆ ಜಾಗ ಖಾಲಿ ಬಿಟ್ಟು, ಅಲ್ಲೊಂದು ದೆವ್ವ ಇದೆ ಎಂದು ಕುಣಿಸುತ್ತಿದ್ದೆಯಲ್ಲ, ಹಾಗೆಯೇ.

ನಾನೂ ರೂರಿಯೂ ಕೈಹಿಡಿದು ಸಾಲುಗಳ ನಡುವೆ ಕೆಳಗಿನವರೆಗೆ ಹೋದೆವು, ಮರಳಿ ಮೇಲೆ ಬಂದೆವು, ಸಾಲಿನ ಹೊರಬದಿಯಿಂದ ಸುತ್ತಿ ಒಂದು ಜಾಗ ಕೆಳಗೆ ಬಂದೆವು. ಆಮೇಲೆ ಮೂವರು ಮೂವರಾಗಿ ಒಬ್ಬರನ್ನೊಬ್ಬರು ಬಳಸಿ ಹೋಗುವ ಹೆಣಿಗೆ. ನಾನು ಗಂಡಸರ ಸಾಲಿಗೆ ದಾಟಿ, ಇಲ್ಲದವನನ್ನು ಬಳಸಿ ಹೋಗುವಾಗ ಬರೀ ಗಾಳಿಗೆ ಬಲಗೈ ಕೊಟ್ಟೆ. ನನ್ನ ಹಿಂದೆಯೇ ಬಂದ ರೂರಿ ಅವಸರಕ್ಕೆ ಆ ಖಾಲಿ ಜಾಗದ ಮೇಲೆಯೇ ನುಗ್ಗಿಬಿಟ್ಟ. “ಏ ಅಳಿಯಾ, ಕಾಣದವನಿಗೂ ಅವನ ಹೊತ್ತು ಬಿಟ್ಟುಕೊಡೋ!” ಎಂದು ಅಮ್ಮ ಕೂಗಿದಳು. ಅದು ನಿನ್ನ ಮಾತು ಅಪ್ಪಾ, ನಿನ್ನದೇ ದನಿ. ಆಮೇಲೆ ಯಾರೂ ನಗಲಿಲ್ಲ. ಅಕಾರ್ಡಿಯನ್ ಮಾತ್ರ ನಿಲ್ಲಲಿಲ್ಲ. ಉಳಿದವರೆಲ್ಲ ತಂತಮ್ಮ ಸರದಿಯಲ್ಲಿ ಆ ಖಾಲಿ ಜಾಗಕ್ಕೆ ಕೈ ಚಾಚಿದರು, ಕಾದರು, ಮುಂದೆ ಹೋದರು. ಹೆಂಗಸರು ಕಣ್ಣೊರೆಸಿಕೊಂಡರು. ಯೂವನ್‌ನ ಜಾಗ ಎಂದು ನಾವೆಲ್ಲ ತಿಳಿದೆವು.

ನಿನ್ನೆ ಬಟ್ಟಲು ತೊಳೆಯುತ್ತಾ ಅಮ್ಮನಿಗೆ ಹಾಗೆಯೇ ಹೇಳಿದೆ. ಅವಳು ತಲೆ ಎತ್ತಲಿಲ್ಲ. “ಸತ್ತವನಿಗೆ ಯಾಕೆ ಜಾಗ ಹಿಡೀಲಿ, ಅವನು ಬರೋನಲ್ಲ. ಬದುಕಿದ್ದೂ ಬರದೋನಿಗೆ ಹಿಡಿದೆ” ಅಂದಳು. ಆಮೇಲೆ ಒಂದೇ ಬಟ್ಟಲನ್ನು ಮತ್ತೆ ಮತ್ತೆ ಉಜ್ಜುತ್ತಾ ನಿಂತಳು.

ರೂರಿಯ ನಮಸ್ಕಾರ. ಇಬ್ಬರನ್ನೂ ಹರಸು. ಡೂಗಲ್ ತಾತ ನಿನ್ನನ್ನು ತುಂಬಾ ಕೇಳಿದ.

ನಿನ್ನ ಮುದ್ದಿನ, ಈಗ ಬೇರೆಯವರ ಮನೆಯ ಹೆಸರಿನ,
ಶೋನಾ

ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ, ಬರೆಯಲು ಕೈ ಬರಲಿಲ್ಲ. ಅಮ್ಮನ ಹೊಟ್ಟೆಯಲ್ಲಿ ಗಡ್ಡೆ. ಕೊಯ್ದು ಪ್ರಯೋಜನವಿಲ್ಲ, ಕ್ರಿಸ್‌ಮಸ್ ದಾಟುವುದು ಅನುಮಾನ ಎಂದಿದ್ದಾರೆ ಡಾಕ್ಟರು. ಮದುವೆಯ ದಿನ ಅವಳ ಲಂಗ ನಿಂತದ್ದು ಪಿನ್ನುಗಳ ಮೇಲೆ. ಆ ಒಂದು ಕುಣಿತ ಮುಗಿಸಿ ಹಿಂದಿನ ಕೋಣೆಗೆ ಹೋಗಿ ಕೋಟುಗಳ ರಾಶಿಯ ಮೇಲೆ ಬಿದ್ದುಕೊಂಡಳು. “ಕನಿಕರಕ್ಕೆ ಬರೋದು ಬೇಡ” ಎಂದು, ನಿನಗೆ ತಿಳಿಸದಂತೆ ನನ್ನಿಂದ ಆಣೆ ಮಾಡಿಸಿದ್ದಳು, ಮುರಿದಿದ್ದೇನೆ. ನೀನು ಕನಿಕರಕ್ಕೆ ಬರಬೇಡ, ನಿನ್ನ ಜಾಗ ಖಾಲಿ ಇದೆ, ಅದಕ್ಕೆ ಬಾ. ನೀನೊಬ್ಬನೇ ಆ ದಾರಿ ಹಿಡಿಯಲಾರೆ ಎಂದು ನನಗೆ ಗೊತ್ತು, ಕರೆದೊಯ್ಯಲು ನಾನೇ ಬರುತ್ತಿದ್ದೇನೆ. ಗ್ಲಾಸ್ಗೋ ಪ್ಲಾಟ್‌ಫಾರಂನಲ್ಲಿ ನಿಂತಿರು: ಈ ಶುಕ್ರವಾರ, ಮಲ್ಲೇಗ್‌ನಿಂದ ಬೆಳಗ್ಗೆ ಹೊರಡುವ ರೈಲು.