ಹತ್ತು ಜನರ ಬೆನ್ನ ಹಿಂದೆ ಒಂದು ಸಹಿ

ಮಾರ್ಚ್ 12, ಸೋಮವಾರ. ಬೆಳಿಗ್ಗೆ 5.40

ಆಸ್ಪತ್ರೆಯವರು ಕೊಡುತ್ತೇವೆ ಅಂದದ್ದು: ವಾರಕ್ಕೆ ಮೂರು ದಿನ ಆಪರೇಷನ್ ಥಿಯೇಟರ್. ಪಕ್ಕದಲ್ಲಿ ನಿಂತು ಕಲಿಸುವ ಒಬ್ಬ ಹಿರಿಯ ಸರ್ಜನ್. ವಾರಕ್ಕೆ ನಲವತ್ತೆಂಟು ಗಂಟೆ ಕೆಲಸ. ಡ್ಯೂಟಿಯ ನಂತರ ನಿದ್ದೆ.

ಕೊಡದೆ ಇದ್ದದ್ದು: ಅಷ್ಟೂ.

ಕೊಟ್ಟದ್ದು — ತುರ್ತು ವಾರ್ಡು, ನಲವತ್ತು ರೋಗಿಗಳು, ನಾನೊಬ್ಬಳು. ಟ್ರೇನಿಂಗಿನ ಮೂರನೇ ವರ್ಷ ಇದು. ನನ್ನ ಕೈಯಾರೆ ಮಾಡಿದ ಅಪೆಂಡಿಕ್ಸ್ ಆಪರೇಷನ್ ನಾಲ್ಕು. ನಾವು ಡಾಕ್ಟರುಗಳಲ್ಲ, ಗೋಡೆಯ ಬಿರುಕಿಗೆ ತುರುಕಿದ ಬಟ್ಟೆ.

ಮನೆಯಲ್ಲಿ ನಾನು ಕೊಡುತ್ತೇನೆ ಅಂದದ್ದೂ ಒಂದಿದೆ. ಮಗಳು ಕಾಲಿನಾಗೆ ಏಳು ವರ್ಷ. ಹಿಮ ಕರಗುವಾಗ ಕಣಿವೆಯಲ್ಲಿ ಏಳುವ ನೇರಳೆ ಕ್ರೋಕಸ್ ಹೂ ತೋರಿಸುತ್ತೇನೆ ಅಂತ ಎರಡು ವಸಂತ ಮಾತು ಕೊಟ್ಟೆ. ಎರಡೂ ಸಲ ಡ್ಯೂಟಿ. ಆಸ್ಪತ್ರೆಯನ್ನು ಬೈಯುವ ಬಾಯಿಯೂ ಇದೇ, ಮಗಳಿಗೆ ಸುಳ್ಳಾಡಿದ ಬಾಯಿಯೂ ಇದೇ.

ಬಸ್ಸು ಬಂತು.

ಮಾರ್ಚ್ 15, ಗುರುವಾರ

ಬೊಗ್ನಾಳ ಅಡುಗೆಮನೆಯಲ್ಲಿ ಸಭೆ. ಅವಳೂ ನನ್ನ ಬ್ಯಾಚಿನವಳೇ. ಟ್ರೇನಿಂಗಿನಲ್ಲಿರುವ ಡಾಕ್ಟರುಗಳು, ಅಂದರೆ ರೆಸಿಡೆಂಟುಗಳು, ನಾವು ಹನ್ನೊಂದು ಜನ; ಕುರ್ಚಿ ಐದು.

ಕಾನೂನು ಸರಳ. ನಲವತ್ತೆಂಟು ಗಂಟೆಗಿಂತ ಹೆಚ್ಚು ದುಡಿಸಬೇಕಾದರೆ ನಮ್ಮ ಸಹಿಯ ಒಪ್ಪಿಗೆ ಪತ್ರ ಬೇಕು. ಸೇರಿದ ದಿನವೇ ಎಲ್ಲರಿಂದಲೂ ಬರೆಸಿಕೊಂಡಿದ್ದರು. ಫೆಬ್ರವರಿಯಲ್ಲಿ ಹನ್ನೊಂದು ಜನವೂ ಅದನ್ನು ವಾಪಸ್ ಪಡೆದೆವು. ಪೂರ್ತಿ ಒಂದು ತಿಂಗಳ ನೋಟಿಸ್, ಏಪ್ರಿಲ್ ಒಂದರಿಂದ ಜಾರಿ. ಆಮೇಲೆ ಅವರು ಹೊಸಬರನ್ನು ತರಬೇಕು, ಇಲ್ಲವೇ ವಾರ್ಡು ಮುಚ್ಚಬೇಕು. ಹನ್ನೊಂದೂ ನಿಂತರೆ ಮಾತ್ರ. ಹತ್ತು ನಿಂತರೂ ಸೋಲೇ.

ಒಬ್ಬೊಬ್ಬರನ್ನೇ ಕರೆದು ಮುರಿಯುತ್ತಾರೆ ಅಂದಳು ಬೊಗ್ನಾ. ಅತ್ಯಂತ ಜೋರಾಗಿ ನಕ್ಕವಳು ನಾನು.

ಮಾರ್ಚ್ 22, ಗುರುವಾರ. ಮಧ್ಯಾಹ್ನ 2

ಕರೆದರು. ವಾರ್ಡಿನ ಮುಖ್ಯಸ್ಥರು, ಬಾಗಿಲು ಹಾಕಿಸಿ, ಕಾಫಿ ಕೊಟ್ಟು. ಮೂರು ವರ್ಷದಲ್ಲಿ ಮೊದಲ ಕಾಫಿ.

"ನೋಡಮ್ಮ ಯಾಗೋದಾ, ಹನ್ನೊಂದು ಜನರಲ್ಲಿ ಮಗು ಇರೋಳು ನೀನೊಬ್ಳೇ. ಅವರಿಗೇನು, ಮನೆಗೆ ಹೋದ್ರೆ ಬೆಕ್ಕು ಕಾಯ್ತಿರತ್ತೆ. ಮತ್ತೆ ಸಹಿ ಹಾಕು. ಈಸ್ಟರ್‌ಗೆ ಐದು ದಿನ ಮನೇಲಿರು. ನಮ್ಮಿಬ್ಬರಲ್ಲೇ ಇರಲಿ."

ಐದು ದಿನ. ಗುರುವಾರದಿಂದ ಸೋಮವಾರ.

ಹಾಕಿದೆ.

ಮಾರ್ಚ್ 29, ಗುರುವಾರ. ಸಂಜೆ

ಕಣಿವೆಗೆ ಹೋಗಿಬಂದೆವು. ಗಂಡ ಸೆವೆರಿನ್ ಮುಂದೆ, ನಾನು ಹಿಂದೆ, ನಡುವೆ ಮಗಳು. ಮೊಣಕಾಲುದ್ದ ಹಿಮ, ಕೆಳಗೆ ನೀರು. ಕಾಡು ಮುಗಿದು ಹುಲ್ಲುಗಾವಲು ತೆರೆದುಕೊಂಡಿತು. ಹಿಮಕ್ಕೇ ತೂತು ಕೊರೆದು ಎದ್ದಿದ್ದವು ಆ ನೇರಳೆ ಹೂಗಳು, ಸಾವಿರಾರು. ಕಾಲಿನಾ ತುಳಿದುಬಿಡುತ್ತೇನೆಂದು ಹೆದರಿ ಬಂಡೆ ಏರಿ ಕೂತಳು. ಅಲ್ಲೇ ಗಸಗಸೆ ತುಂಬಿದ ಬ್ರೆಡ್ ಸುರುಳಿ ತಿಂದೆವು. ಸೆವೆರಿನ್ ನನ್ನ ಬೂಟು ಬಿಚ್ಚಿ ನೀರು ಸುರಿದ. ತುಂಬ ದಿನದ ಮೇಲೆ ನಕ್ಕ.

"ಅಮ್ಮಾ, ನಿನ್ನ ಫೋನ್ ಸತ್ತೋಗಿದ್ಯಾ?" ಅಂತ ಮಗಳು. ಇಲ್ಲ ಮರಿ, ಇಲ್ಲಿ ಸಿಗ್ನಲ್ ಇಲ್ಲ ಅಂದೆ.

ಐದು ದಿನ ಹೇಗೆ ಸಿಕ್ಕಿತೆಂದು ಸೆವೆರಿನ್ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮಾರ್ಚ್ 30, ಶುಕ್ರವಾರ

ಈಸ್ಟರಿನ ಸಿಹಿ ಬ್ರೆಡ್ಡು, ಬಾಬ್ಕಾ, ಬೇಯಿಸುವ ದಿನ. ಅತ್ತೆ ಗೆನೋವೆಫಾ ಬೆಳಿಗ್ಗೆಯೇ ಬಂದು ಅಡುಗೆಮನೆ ವಶಪಡಿಸಿಕೊಂಡರು. ಇಪ್ಪತ್ತು ಮೊಟ್ಟೆಯ ಹಳದಿ, ಬೆಣ್ಣೆ, ಒಣದ್ರಾಕ್ಷಿ. ಹಿಟ್ಟು ಹುದುಗುವಾಗ ಕಿಟಕಿ ಬಂದ್, ಬಾಗಿಲು ಬಂದ್, ಮಾತೆಲ್ಲ ಪಿಸುಮಾತು. ಗಾಳಿ ಸೋಕಿದರೆ ಕುಸಿಯುತ್ತದೆ. ಗಂಡಸರಿಗೆ ಪ್ರವೇಶವಿಲ್ಲ — ಸೆವೆರಿನ್ ಅಂಗಳದಲ್ಲಿ ಸೌದೆ ಒಡೆಯುವ ನೆಪದಲ್ಲಿ ನಿಂತಿದ್ದ. ಕಾಲಿನಾ ತುದಿಗಾಲಲ್ಲಿ ಓಡಾಡುತ್ತಿದ್ದಳು.

ಫೋನ್. ಬೊಗ್ನಾ. ಬಾಗಿಲು ತೆಗೆದು ಹೊರಗೋಡಿದೆ.

"ಯಾಗೋದಾ, ನಿನ್ನ ಪತ್ರ ನೋಟಿಸ್ ಬೋರ್ಡಲ್ಲಿದೆ. ಸಹಿ ಸಮೇತ. ಅದನ್ನ ನೋಡಿ ಇನ್ನೂ ಮೂರು ಜನ ಹಾಕಿದ್ರು. ಇವತ್ತಿನ ನಿನ್ನ ಡ್ಯೂಟಿ ನಾನು ಮಾಡ್ತಿದೀನಿ. ನಿನ್ನೆ ಡ್ಯೂಟಿ ಮೊದಲೇ ನಂದಿತ್ತು." ಆಮೇಲೆ — "ಸುಳ್ಳು ಅಂತ ಹೇಳು, ನಂಬ್ತೀನಿ."

ಕೊನೆಗೆ ಅವಳೇ ಫೋನ್ ಇಟ್ಟಳು.

ಒಳಗೆ ಹೋದಾಗ ಹಿಟ್ಟಿನ ನಡುವೆ ಗುಂಡಿ. ಅತ್ತೆ ಪಾತ್ರೆಯನ್ನೇ ನೋಡುತ್ತಾ ಅಂದರು: "ಮನುಷ್ಯರ ಹೊಟ್ಟೆ ಕೊಯ್ಯೋಕೆ ಬರತ್ತೆ, ಬಾಗಿಲು ಮುಚ್ಚೋಕೆ ಬರಲ್ವೇನೆ ಡಾಕ್ಟರಮ್ಮ?"

ಹಾಗೇ ಒಲೆಗಿಟ್ಟೆವು.

ಮಾರ್ಚ್ 31, ಶನಿವಾರ. ಮಧ್ಯಾಹ್ನ

ಬುಟ್ಟಿಗೆ ಮೊಟ್ಟೆ, ಉಪ್ಪು, ಸಾಸೇಜು, ಕುಸಿದ ಬಾಬ್ಕಾ. ಮೇಲೆ ಬಿಳಿ ಬಟ್ಟೆ. ಹಬ್ಬದ ಊಟಕ್ಕೆ ಪಾದ್ರಿಯಿಂದ ಮಂತ್ರಜಲ ಹಾಕಿಸಲು ಚರ್ಚಿನ ಮುಂದೆ ಸಾಲು. ಹಿಂದೆ ನಮ್ಮ ವಾರ್ಡಿನ ನರ್ಸ್ ತೆಯೋಫಿಲಾ, ಡ್ಯೂಟಿ ಮುಗಿಸಿ ನೇರ ಬಂದವರು. ಹಬ್ಬದ ಶುಭಾಶಯ ಹೇಳಿ, ಅದೇ ದನಿಯಲ್ಲಿ ಮುಂದುವರಿಸಿದರು. ನಿನ್ನೆ ಬೊಗ್ನಾ ಒಬ್ಬ ಮುದುಕನಿಗೆ ಪೊಟ್ಯಾಸಿಯಂ ಬರೆದಳಂತೆ, ಹತ್ತು ಪಟ್ಟು, ಹೃದಯ ನಿಲ್ಲುವಷ್ಟು. ಅವಳ ಡ್ಯೂಟಿಯ ಮೂವತ್ತಾರನೇ ಗಂಟೆ. ಅಕ್ಷರ ನೆಟ್ಟಗಿತ್ತಂತೆ, ಲೆಕ್ಕ ಮಾತ್ರ ತಪ್ಪಿತ್ತು.

"ನಾನು ನೋಡ್ದೆ, ಬಚಾವಾಯ್ತು. ನೋಡದೆ ಇದ್ದಿದ್ರೆ ಅವಳ ಹೆಸರು ಬರ್ತಿತ್ತು ಡಾಕ್ಟ್ರೇ. ನಿಮ್ಮದಲ್ಲ."

ಪಾದ್ರಿ ನೀರು ಎರಚಿದರು. ನನ್ನ ಮುಖಕ್ಕೂ ಬಿತ್ತು.

ಮನೆಗೆ ಬಂದು ಸೆವೆರಿನ್‌ಗೆ ಎಲ್ಲ ಹೇಳಿದೆ. ನನ್ನ ಪರವಾಗಿ ಮಾತಾಡುತ್ತಾನೆ ಅಂದುಕೊಂಡಿದ್ದೆ. ಆ ಸಹಿಯನ್ನು ನಮ್ಮ ಮನೆಯ ಹೆಸರಲ್ಲಿ ಯಾಕೆ ಹಾಕಿದೆ ಅಂತ ಕೇಳಿದ. ಅಷ್ಟೇ.

ಏಪ್ರಿಲ್ 3, ಮಂಗಳವಾರ. ಸಂಜೆ 4

ಬೆಳಿಗ್ಗೆ ಮೊದಲ ಕೆಲಸ: ಒಪ್ಪಿಗೆ ವಾಪಸ್ ಪತ್ರ, ಎರಡು ಪ್ರತಿ, ಮುಖ್ಯಸ್ಥರ ಮೇಜಿಗೆ. ಸ್ವೀಕೃತಿಯ ಮೊಹರು ಬೀಳುವವರೆಗೆ ನಿಂತಿದ್ದೆ. ನಕ್ಕರು. ಮತ್ತೆ ಒಂದು ತಿಂಗಳ ನೋಟಿಸ್ ಅಂತೆ. ಅಲ್ಲಿಯವರೆಗೆ ಏಪ್ರಿಲಿಗೆ ನನ್ನ ಹೆಸರಲ್ಲಿ ಒಂಬತ್ತು ಡ್ಯೂಟಿ, ಇಪ್ಪತ್ನಾಲ್ಕು ಗಂಟೆಯವು. ಆಗಲೇ ಅಚ್ಚಾಗಿದೆ. ಕಾಫಿ ಇರಲಿಲ್ಲ.

ಬೋರ್ಡಿನಿಂದ ಆ ಕಾಗದ ಕಿತ್ತೆ. ಯಾರೂ ತಡೆಯಲಿಲ್ಲ. ತಡೆಯಲು ಏನಿತ್ತು, ಅದರ ಕೆಲಸ ಮುಗಿದಿತ್ತು.

ಬೊಗ್ನಾ ಮೆಟ್ಟಿಲ ಮೇಲೆ ಕೂತು ಸೇಬು ತಿನ್ನುತ್ತಿದ್ದಳು. ಕ್ಷಮಿಸು ಅನ್ನಲು ಬಾಯಿ ತೆರೆದೆ. ಕೈ ಎತ್ತಿ ತಡೆದಳು.

"ನನ್ನ ಕಿವೀಲಿ ಹೇಳಬೇಡ ಕಣೆ. ಕಿವೀಲಿ ಹೇಳೋದು ಅವರ ಪದ್ಧತಿ. ಸಭೆಗೆ ಬಾ, ಎಲ್ಲರ ಮುಂದೆ ನಿಂತು ಹೇಳು. ಆ ಮೂವರೂ ಬರ್ತಾರೆ. ನಿನ್ನ ನೋಡಿ ಹಾಕಿದ್ರು, ನಿನ್ನ ನೋಡಿ ತೆಗೀಲಿ."

ಒಳಗೆ ಸೇರಿಸುತ್ತಾರೋ, ಹೊರಗೆ ನಿಲ್ಲಿಸುತ್ತಾರೋ ಗೊತ್ತಿಲ್ಲ. ಏನು ಹೇಳಬೇಕು ಅಂತ ಗೊತ್ತಿದೆ. ಯಾರೂ ಕೈ ಹಿಡಿದು ಸಹಿ ಹಾಕಿಸಲಿಲ್ಲ. ಮಗಳನ್ನು ಮುಂದೆ ಮಾಡಿಕೊಂಡು ನಾನೇ ಹಾಕಿದೆ. ಆ ಹುಲ್ಲುಗಾವಲಲ್ಲಿ ಸುಖವಾಗಿದ್ದೆ ಅನ್ನುವುದನ್ನೂ ಬಿಡದೆ ಹೇಳಬೇಕು. ಆ ಸುಖ ಹನ್ನೊಂದು ಜನರಿಗೂ ಸಲ್ಲಬೇಕಾದದ್ದು, ಬೇಡಿ ಪಡೆಯುವಂಥದ್ದಲ್ಲ — ಅದಕ್ಕೇ ಅಲ್ಲವೆ ನಾವು ಒಪ್ಪಿಗೆ ವಾಪಸ್ ಪಡೆದದ್ದು.

ಗುರುವಾರ, ಏಪ್ರಿಲ್ ಐದು, ಸಂಜೆ ಆರು ಗಂಟೆಗೆ ಸಭೆ. ಹೋಗುತ್ತೇನೆ.